ಓದುಗರ ಪ್ರಶ್ನೆ, ದಂತವೈದ್ಯರ ಉತ್ತರ: ರೂಟ್ ಕೆನಾಲ್ ಆದ ಹಲ್ಲು ಒಡೀಬಾರದು ಅಂದ್ರೆ ಒಳಗೆ ಏನು ತುಂಬಿಸ್ಬೇಕು?

ರೂಟ್ ಕೆನಾಲ್ ಬಗ್ಗೆ ಬಂದಿರೋ ಪತ್ರಗಳಲ್ಲಿ ಹೆಚ್ಚಿನವು ಸುತ್ತಿ ಬಳಸಿ ಒಂದೇ ವಿಷಯ ಕೇಳ್ತಿವೆ, ಯಾವ ಮೆಟೀರಿಯಲ್ ಹಾಕಿಸಿದ್ರೆ ಹಲ್ಲು ಗಟ್ಟಿ ಉಳಿಯುತ್ತೆ ಅಂತ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನ ಪಕ್ಕಕ್ಕಿಟ್ಟು ಇವನ್ನೇ ತಗೊಂಡಿದೀನಿ. ಹೆಸರು ಬೇಡ ಅಂದವರೇ ಜಾಸ್ತಿ, ಅದಕ್ಕೆ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನನ್ನ ಕೆಳಗಿನ ದವಡೆ ಹಲ್ಲಿಗೆ ರೂಟ್ ಕೆನಾಲ್ ಮುಗೀತು, ಈಗ ಕ್ಯಾಪ್ ಹಾಕಿಸ್ಲೇಬೇಕು ಅಂತಿದಾರೆ. ಬೇರಿನೊಳಗೆ ರಬ್ಬರ್ ತರದ್ದು ಏನೋ ತುಂಬಿದಾರಂತೆ. ಅದರ ಬದಲು ಬಯೋಸೆರಾಮಿಕ್ ಅಂತ ಹೊಸದು ಬಂದಿದೆಯಲ್ಲ, ಅದನ್ನ ತುಂಬಿಸಿದ್ರೆ ಹಲ್ಲು ಒಳಗಿಂದಾನೇ ಗಟ್ಟಿಯಾಗಿ ಕ್ಯಾಪ್ ಖರ್ಚು ತಪ್ಪಲ್ವಾ?

ಉತ್ತರ: ಇಲ್ಲ ಸಾರ್, ಕ್ಯಾಪ್ ಖರ್ಚು ತಪ್ಪೋದಿಲ್ಲ. ಮೊದಲು ಒಂದು ಗೊಂದಲ ಬಿಡಿಸ್ಕೊಳ್ಳೋಣ. ರೂಟ್ ಕೆನಾಲ್ ಆದ ಹಲ್ಲಲ್ಲಿ ತುಂಬೋ ಜಾಗ ಎರಡಿರುತ್ತೆ, ಒಂದು ಬೇರಿನೊಳಗಿನ ಸಣ್ಣ ನಾಳ, ಇನ್ನೊಂದು ಆ ನಾಳಕ್ಕೆ ದಾರಿ ಮಾಡ್ಕೊಳ್ಳೋಕೆ ಮೇಲಿಂದ ಕೊರೆದ ಕುಳಿ. ಎರಡಕ್ಕೂ ಫಿಲ್ಲಿಂಗ್ ಅಂತಾನೇ ಅನ್ನೋದ್ರಿಂದ ಜನ ಎರಡನ್ನೂ ಒಂದೇ ಅನ್ಕೋತಾರೆ, ಆದ್ರೆ ಕೆಲಸ ಪೂರ್ತಿ ಬೇರೆ. ನಾಳದೊಳಗೆ ತುಂಬೋದು ಬ್ಯಾಕ್ಟೀರಿಯಾ ಮತ್ತೆ ನುಸುಳದ ಹಾಗೆ ಮುಚ್ಚೋಕೆ. ಹಲ್ಲಿಗೆ ಬಲ ಕೊಡೋ ಜವಾಬ್ದಾರೀನ ಅದಕ್ಕೆ ಯಾರೂ ಕೊಟ್ಟಿಲ್ಲ.

ನೀವು ರಬ್ಬರ್ ಅಂದಿದ್ದು ಗಟಾ ಪರ್ಚಾ. ಆಗ್ನೇಯ ಏಷ್ಯಾದ ಪಲಾಕ್ವಿಯಂ ಜಾತಿ ಮರದ ಹಾಲಿನಿಂದ ಬರೋದು, 19ನೇ ಶತಮಾನದಿಂದ ಹಲ್ಲಿನ ಕೆಲಸಕ್ಕೆ ಬಳಕೇಲಿದೆ. ನಾವು ಹಾಕೋ ಕಡ್ಡೀಲಿ ಗಟಾ ಪರ್ಚಾ ಅನ್ನೋದು ಸುಮಾರು 20 ಪರ್ಸೆಂಟ್ ಅಷ್ಟೇ, ಜಾಸ್ತಿ ಪಾಲು ಜಿಂಕ್ ಆಕ್ಸೈಡ್. ಅದರ ಬಿಗಿತ ಎಷ್ಟು ಕಮ್ಮಿ ಅಂದ್ರೆ ಡೆಂಟಿನ್‌ನ, ಅಂದ್ರೆ ಎನಾಮಲ್ ಕೆಳಗಿರೋ ಹಲ್ಲಿನ ಮುಖ್ಯ ಭಾಗದ, ಬಿಗಿತದ ನೂರನೇ ಒಂದು ಪಾಲೂ ಬರಲ್ಲ. ಬಿದಿರಿನ ಕೊಳವೆಯೊಳಗೆ ರಬ್ಬರ್ ತುರುಕಿದ್ರೆ ಬಿದಿರು ಗಟ್ಟಿಯಾಗುತ್ತಾ ಹೇಳಿ.

ಇದನ್ನ ಬದಲಾಯಿಸ್ತೀವಿ ಅಂತ ಹೊರಟವರೂ ಇದ್ರು. 2004ರ ಸುಮಾರಿಗೆ ರೆಸಿಲಾನ್ ಅನ್ನೋ ಮೆಟೀರಿಯಲ್ ಬಗ್ಗೆ ದೊಡ್ಡ ಸುದ್ದಿ ಆಯ್ತು, ಬೇರಿನ ಗೋಡೆಗೆ ಅಂಟ್ಕೊಂಡು ಬೇರು, ಅಂಟು, ಒಳಗಿನ ತುಂಬು ಮೂರೂ ಸೇರಿ ಒಂದೇ ಗಟ್ಟಿ ತುಂಡಾಗುತ್ತೆ ಅಂತ, ಮಾನೋಬ್ಲಾಕ್ ಅಂತ ಹೆಸರು ಬೇರೆ. ಮೊದಲ ಲ್ಯಾಬ್ ಪರೀಕ್ಷೆಗಳು ಆಸೆ ಹುಟ್ಟಿಸಿದ್ವು. ಆಮೇಲೆ ಬೇರೆಯವರು ಅಳೆದು ನೋಡಿದ್ರೆ ಅದೂ ಹೆಚ್ಚುಕಮ್ಮಿ ಗಟಾ ಪರ್ಚಾದಷ್ಟೇ ಮೆತ್ತಗೆ. ಮೇಲಾಗಿ ಅದರ ಅಂಟು ರೆಸಿನ್, ಅಂದ್ರೆ ಪ್ಲಾಸ್ಟಿಕ್ ತರದ ರಾಳ, ಗಟ್ಟಿಯಾಗೋವಾಗ ಕುಗ್ಗುತ್ತೆ, ಅಷ್ಟು ಕಿರಿದಾದ ನಾಳದಲ್ಲಿ ಸುತ್ತಲೂ ಅಂಟ್ಕೊಂಡಿರೋದು ಕುಗ್ಗಿದ್ರೆ ಎಲ್ಲಾದ್ರೂ ಒಂದ್ಕಡೆ ಗೋಡೆ ಬಿಟ್ಟು ಕಿತ್ಕೊಂಡು ಬರಲೇಬೇಕು, ಸೀಲೂ ಹೋಯ್ತು ಬಲವೂ ಹೋಯ್ತು. ಕೊನೆಗೆ ಮಾರ್ಕೆಟ್ಟಿಂದಾನೇ ಮಾಯ ಆಯ್ತು.

ಬಯೋಸೆರಾಮಿಕ್ ಒಳ್ಳೆ ವಸ್ತುವೇ, ಬೇಡ ಅಂತಿಲ್ಲ. ಅದು ಕ್ಯಾಲ್ಸಿಯಂ ಸಿಲಿಕೇಟ್ ಸಿಮೆಂಟ್, ತೇವ ಇದ್ರೆ ಗಟ್ಟಿಯಾಗುತ್ತೆ, ಬೇರಿನ ತುದೀಲಿ ಜೀವಕೋಶಗಳಿಗೆ ಒಗ್ಗುತ್ತೆ. ಕೆಲವು ಲ್ಯಾಬ್ ಪರೀಕ್ಷೆಗಳಲ್ಲಿ ಇದನ್ನೋ ಇಪಾಕ್ಸಿ ರೆಸಿನ್ ಸೀಲರನ್ನೋ (ನಾಳದ ಸಂದು ಮುಚ್ಚೋ ಅಂಟು) ಹಾಕಿದ ಬೇರು, ಏನೂ ತುಂಬದ ಖಾಲಿ ಬೇರಿಗಿಂತ ಸ್ವಲ್ಪ ಜಾಸ್ತಿ ಭಾರ ತಡೀತು ಅಂತ ಬರುತ್ತೆ, ಇನ್ನು ಕೆಲವಲ್ಲಿ ವ್ಯತ್ಯಾಸವೇ ಕಾಣಲ್ಲ. ಆ ಪರೀಕ್ಷೆ ಹೇಗೆ ಮಾಡ್ತಾರೆ ಅಂತಾನೂ ಗೊತ್ತಿರ್ಲಿ. ಕಿತ್ತ ಹಲ್ಲಿನ ಮೇಲಿನ ಭಾಗ ಕತ್ತರಿಸಿ, ಬೇರನ್ನ ಅಚ್ಚಲ್ಲಿ ನೆಟ್ಟಗೆ ನಿಲ್ಲಿಸಿ, ಮಷೀನಲ್ಲಿ ಮೊನೆಯಿಂದ ಒತ್ತಿ ಒತ್ತಿ ಒಡೀತಾರೆ. ಬಾಯೊಳಗೆ ಯಾವ ಹಲ್ಲೂ ಹೀಗೆ ಒಂದೇ ಏಟಿಗೆ ಒಡೆಯೋದು ಅಪರೂಪ, ವರ್ಷಗಟ್ಟಲೆ ಸಣ್ಣ ಸಣ್ಣ ಭಾರ ಬಿದ್ದು ಬಿದ್ದು ಒಂದು ಬಿರುಕು ನಿಧಾನಕ್ಕೆ ಬೆಳೆಯುತ್ತೆ. ಹಾಗಾಗಿ ಆ ನಂಬರ್ ನೋಡಿ ಕ್ಯಾಪ್ ಬೇಡ ಅನ್ನೋ ತೀರ್ಮಾನಕ್ಕೆ ಬರೋದು ನನ್ನ ಪ್ರಕಾರ ದುಡುಕು.

ಪ್ರಶ್ನೆ: ನರ ತೆಗೆದ್ಮೇಲೆ ಹಲ್ಲಿಗೆ ರಕ್ತ, ನೀರಿನ ಅಂಶ ಸಿಗದೆ ಒಣಗಿ ಪುಡಿಪುಡಿ ಆಗುತ್ತೆ ಅಂತಾರೆ. ಹಾಗಿದ್ಮೇಲೆ ಏನು ತುಂಬಿಸಿದ್ರೇನು, ಕೀಳಿಸೋದೇ ವಾಸಿ ಅಲ್ವಾ?

ಉತ್ತರ: ಈ ಮಾತು ಎಷ್ಟು ಹಳೇದು ಅಂದ್ರೆ ನಮ್ಮವರೇ ಎಷ್ಟೋ ಜನ ಈಗಲೂ ಹೇಳ್ತಾರೆ. 1972ರಲ್ಲಿ ನಾಯಿ ಹಲ್ಲುಗಳ ಮೇಲೆ ಮಾಡಿದ ಒಂದು ಅಧ್ಯಯನದಲ್ಲಿ ನರ ಇಲ್ಲದ ಹಲ್ಲಲ್ಲಿ ತೇವ ಸುಮಾರು 9 ಪರ್ಸೆಂಟ್ ಕಮ್ಮಿ ಅಂತ ಬಂದಿತ್ತು, ಅದನ್ನೇ ಹಿಡ್ಕೊಂಡು ಬಂದ್ರು. 1992ರಲ್ಲಿ ಸೆಜ್ಲಿ ಮತ್ತು ಮೆಸ್ಸರ್ ಅನ್ನೋ ಸಂಶೋಧಕರು ಒಂದು ಚೆಂದದ ಕೆಲಸ ಮಾಡಿದ್ರು. ಒಬ್ಬರದೇ ಬಾಯಿಂದ ರೂಟ್ ಕೆನಾಲ್ ಆದ ಹಲ್ಲು ಒಂದು, ಅದರ ಜೋಡಿ ಆ ಕಡೆಯ ಜೀವಂತ ಹಲ್ಲು ಇನ್ನೊಂದು, ಹೀಗೆ 23 ಜೋಡಿ ತಗೊಂಡು ಡೆಂಟಿನ್‌ನ ಗಟ್ಟಿತನ ಹೋಲಿಸಿದ್ರು. ಡೆಂಟಿನ್ ಪೆಡಸಾಗಿದೆ ಅನ್ನೋಕೆ ಆಧಾರ ಸಿಗ್ಲಿಲ್ಲ. ಆಮೇಲೆ ತೇವ ಅಳೆದ್ರೂ ಹೇಳ್ಕೊಳ್ಳೋವಷ್ಟು ವ್ಯತ್ಯಾಸ ಇರ್ಲಿಲ್ಲ.

ಹಾಗಾದ್ರೆ ಈ ಹಲ್ಲುಗಳು ಯಾಕೆ ಒಡೀತವೆ? ಹುಳುಕು ತಿಂದಿದ್ದು ಒಂದಷ್ಟು, ಹಳೇ ಫಿಲ್ಲಿಂಗ್ ತೆಗೆದಾಗ ಹೋಗಿದ್ದು ಒಂದಷ್ಟು, ನಾವು ಕೊರೆದಿದ್ದು ಒಂದಷ್ಟು, ಉಳಿದ ಗೋಡೆ ತೆಳ್ಳಗೆ. 1989ರಲ್ಲಿ ರೀಹ್, ಮೆಸ್ಸರ್, ಡಗ್ಲಸ್ ಮೂವರೂ ಸೇರಿ ಕಿರುದವಡೆ ಹಲ್ಲುಗಳಲ್ಲಿ ಹಂತ ಹಂತವಾಗಿ ಅಳೆದ್ರು. ರೂಟ್ ಕೆನಾಲ್ ಮಾಡಿದ್ದರಿಂದ ಹಲ್ಲಿನ ಬಿಗಿತ ಕಮ್ಮಿಯಾಗಿದ್ದು ಬರೀ 5 ಪರ್ಸೆಂಟ್. ಮೇಲ್ಭಾಗದಲ್ಲಿ ಮಾತ್ರ ಒಂದು ಕುಳಿ ಮಾಡಿದ್ರೆ 20 ಪರ್ಸೆಂಟ್. ಆ ಕುಳಿ ಹಿಂದೆ ಮುಂದೆ ಎರಡೂ ಪಕ್ಕದ ಅಂಚಿನ ಏಣುಗಳನ್ನ ಸೀಳ್ಕೊಂಡು ಹೋದ್ರೆ 63 ಪರ್ಸೆಂಟ್! ಅಂದ್ರೆ ಪಕ್ಕದ ಹಲ್ಲಿಗೆ ತಾಗೋ ಆ ಎರಡು ಏಣುಗಳು ಉಳಿದಿದ್ಯಾ ಇಲ್ವಾ ಅನ್ನೋದೇ ದೊಡ್ಡ ಪ್ರಶ್ನೆ. ನಿಮ್ಮ ಡಾಕ್ಟರನ್ನ ಕೇಳೋದಾದ್ರೆ ಯಾವ ಕಂಪನಿ ಮೆಟೀರಿಯಲ್ ಅಂತ ಕೇಳೋದಕ್ಕಿಂತ ನನ್ನ ಹಲ್ಲಲ್ಲಿ ಎಷ್ಟು ಗೋಡೆ ಉಳಿದಿದೆ ಅಂತ ಕೇಳಿ. ಗೋಡೆ ಉಳಿದಿದ್ರೆ ಕೀಳಿಸೋ ಮಾತೇ ಬೇಡ.

ಒಂದು ಸೇರಿಸ್ಬೇಕು. ನಾಳ ತೊಳೆಯೋಕೆ ಹಾಕೋ ಸೋಡಿಯಂ ಹೈಪೋಕ್ಲೋರೈಟ್ ಡೆಂಟಿನ್‌ನ ಕೊಲಾಜನ್ ಅನ್ನೋ ಪ್ರೋಟೀನ್ ನಾರು ಕರಗಿಸುತ್ತೆ, ಇಡಿಟಿಎ ಅನ್ನೋ ಇನ್ನೊಂದು ದ್ರಾವಣ ಖನಿಜ ಎಳ್ಕೊಳ್ಳುತ್ತೆ, ಎರಡೂ ಜಾಸ್ತಿ ಹೊತ್ತು ಜಾಸ್ತಿ ಗಾಢವಾಗಿ ಬಿಟ್ರೆ ಡೆಂಟಿನ್ ಬಲ ಸ್ವಲ್ಪ ಇಳಿಯುತ್ತೆ. ಹಾಗಂತ ತೊಳೆಯದೆ ಬಿಡೋಕಾಗಲ್ಲ, ಸೋಂಕು ಹೋಗ್ಬೇಕಲ್ಲ.

ಪ್ರಶ್ನೆ: ನನ್ನ ಮೇಲಿನ ಕಿರುದವಡೆ ಹಲ್ಲಿಗೆ ರೂಟ್ ಕೆನಾಲ್ ಆಗಿದೆ, ಎರಡೂ ಪಕ್ಕ ಹುಳುಕಿತ್ತು. ಒಬ್ಬ ಡಾಕ್ಟ್ರು ಬೆಳ್ಳಿ ಫಿಲ್ಲಿಂಗ್ ಸಾಕು ಅಂದ್ರು, ಇನ್ನೊಬ್ರು ಕಾಂಪೊಸಿಟ್ ಅಂದ್ರು, ಪರಿಚಯದವರೊಬ್ರು ಜಿಐಸಿ ಅಂತಾರೆ. ಯಾವುದು ಗಟ್ಟಿ ಮೇಡಂ?

ಉತ್ತರ: ವಸ್ತುವಿನ ಗಟ್ಟಿತನ ಬೇರೆ, ಅದನ್ನ ಹಾಕಿದ್ಮೇಲೆ ಹಲ್ಲಿನ ಗಟ್ಟಿತನ ಬೇರೆ. ನಿಮ್ಮ ಹಲ್ಲು ಇದಕ್ಕೆ ಸರಿಯಾದ ಉದಾಹರಣೆ. ಬೆಳ್ಳಿ ಫಿಲ್ಲಿಂಗ್ ಅಂದ್ರೆ ಅಮಾಲ್ಗಂ, ಒತ್ತಡ ತಡೆಯೋದ್ರಲ್ಲಿ ಗಟ್ಟಿಮುಟ್ಟು, ಸವೆಯಲ್ಲ, ಒಳ್ಳೆ ಬಾಳಿಕೆ. ಆದ್ರೆ ಹಲ್ಲಿಗೆ ಅಂಟಲ್ಲ, ಕುಳೀಲಿ ಸಿಕ್ಕಾಕ್ಕೊಂಡು ಕೂತಿರುತ್ತೆ ಅಷ್ಟೇ. ಕಿರುದವಡೆ ಹಲ್ಲಿಗೆ ಕೆನ್ನೆ ಕಡೆ ಒಂದು, ಒಳಗಡೆ ಒಂದು ದಿಬ್ಬ ಇರುತ್ತೆ, ಕಸ್ಪ್ ಅಂತೀವಿ. ಎರಡೂ ಏಣು ಹೋದ್ಮೇಲೆ ಆ ಎರಡು ದಿಬ್ಬಗಳನ್ನ ಒಟ್ಟಿಗೆ ಹಿಡಿದಿಡೋದು ಏನೂ ಉಳಿದಿರಲ್ಲ, ಅಗಿದಾಗಲೆಲ್ಲ ಒಂದು ಆ ಕಡೆ ಒಂದು ಈ ಕಡೆ ಬಾಗುತ್ವೆ, ಮಧ್ಯದ ಅಮಾಲ್ಗಂ ಸುಮ್ನೆ ನೋಡ್ತಾ ಇರುತ್ತೆ. 1990ರಲ್ಲಿ ಹ್ಯಾನ್ಸನ್ ಮತ್ತು ಜೊತೆಯವರು ಅಮಾಲ್ಗಂ ತುಂಬಿ ಕ್ಯಾಪ್ ಹಾಕದೆ ಬಿಟ್ಟ 1639 ರೂಟ್ ಕೆನಾಲ್ ಹಲ್ಲುಗಳ ಲೆಕ್ಕ ಹಾಕಿದ್ರು, ಅದ್ರಲ್ಲಿ ಎಲ್ಲಕ್ಕಿಂತ ಕೆಟ್ಟ ಫಲಿತಾಂಶ ಸರಿಯಾಗಿ ನಿಮ್ಮಂಥ ಹಲ್ಲಿನದೇ, ಎರಡೂ ಪಕ್ಕ ಹೋದ ಮೇಲಿನ ಕಿರುದವಡೆ ಹಲ್ಲು. 3 ವರ್ಷದೊಳಗೆ 28 ಪರ್ಸೆಂಟ್ ಒಡೆದಿದ್ವು, 10 ವರ್ಷಕ್ಕೆ 57, 20 ವರ್ಷಕ್ಕೆ 73.

ಕಾಂಪೊಸಿಟ್ ಅಂದ್ರೆ ಹಲ್ಲಿನ ಬಣ್ಣದ ರೆಸಿನ್ ಫಿಲ್ಲಿಂಗ್, ಅದು ಅಂಟುತ್ತೆ, ಅದೇ ಅದರ ಶಕ್ತಿ. ಎರಡೂ ದಿಬ್ಬಗಳನ್ನ ಒಳಗಿಂದ ಕಟ್ಟಿ ಹಾಕಿದ ಹಾಗೆ ಆಗಿ ಬಾಗೋದು ಕಮ್ಮಿಯಾಗುತ್ತೆ, ಲ್ಯಾಬಲ್ಲಿ ಅಳೆದ್ರೆ ಹೋದ ಬಿಗಿತದ ದೊಡ್ಡ ಪಾಲು ವಾಪಸ್ ಬಂದಿರೋದು ಕಾಣುತ್ತೆ. ಆದ್ರೆ ಇದು ಕೈಚಳಕದ ಮೆಟೀರಿಯಲ್. ಗಟ್ಟಿಯಾಗೋವಾಗ ಸುಮಾರು 2ರಿಂದ 3 ಪರ್ಸೆಂಟ್ ಕುಗ್ಗುತ್ತೆ, ಅದಕ್ಕೆ ಸಾಮಾನ್ಯ ಕಾಂಪೊಸಿಟನ್ನ 2 ಮಿಲಿಮೀಟರ್ ಪದರ ಪದರವಾಗಿ ಹಾಕಿ ಒಂದೊಂದನ್ನೂ ಲೈಟ್ ಹಿಡಿದು ಗಟ್ಟಿ ಮಾಡ್ಬೇಕು, ಬಲ್ಕ್ ಫಿಲ್ ಅಂತ ಬರೋದನ್ನ 4 ಮಿಲಿಮೀಟರ್ ತನಕ ಹಾಕ್ಬಹುದು. ಎಂಜಲು ತಾಗಿದ್ರೆ ಅಂಟು ಕೆಟ್ಟಂತೆ. ಬೇರಿನ ಸೀಲರಲ್ಲೋ ತಾತ್ಕಾಲಿಕ ಸಿಮೆಂಟಲ್ಲೋ ಯೂಜಿನಾಲ್ (ಲವಂಗದೆಣ್ಣೆಯ ಅಂಶ) ಇದ್ದು, ಅದು ಗೋಡೇಲಿ ಉಳ್ಕೊಂಡ್ರೆ ರೆಸಿನ್ ಸರಿಯಾಗಿ ಗಟ್ಟಿಯಾಗೋದೇ ಇಲ್ಲ. ಹೈಪೋಕ್ಲೋರೈಟ್ ಉಳಿದ್ರೂ ಅಂಟು ದುರ್ಬಲ. ಇವೆಲ್ಲ ರೋಗಿಗೆ ಕಾಣದ ವಿಷಯ, ಆದ್ರೆ ಅದೇ ಮೆಟೀರಿಯಲ್ ಒಬ್ಬರ ಕೈಯಲ್ಲಿ ಹತ್ತು ವರ್ಷ ಬರೋದು ಇನ್ನೊಬ್ಬರ ಕೈಯಲ್ಲಿ ಎರಡು ವರ್ಷಕ್ಕೆ ಅಂಚು ಬಿಡೋದು ಇದಕ್ಕೇ. ಕಾಂಪೊಸಿಟ್ ಒಳಗೆ ಗಾಜಿನ ಸಣ್ಣ ನಾರು ಬೆರೆಸಿದ ತಳಿಯೂ ಬಂದಿದೆ, ಬಿರುಕು ಓಡೋದನ್ನ ಆ ನಾರು ತಡೆಯುತ್ತೆ, ಆಳವಾದ ಕುಳಿಗೆ ಕೆಳಗಡೆ ಹಾಕಿ ಮೇಲೆ ಮಾಮೂಲಿ ಕಾಂಪೊಸಿಟ್ ಮುಚ್ತಾರೆ, ನನಗೆ ಇಷ್ಟವಾದ ಪದ್ಧತಿ.

ಜಿಐಸಿ, ಅಂದ್ರೆ ಗ್ಲಾಸ್ ಅಯಾನೊಮರ್ ಸಿಮೆಂಟ್, ಹಲ್ಲಿಗೆ ತಾನಾಗೇ ರಾಸಾಯನಿಕವಾಗಿ ಅಂಟುತ್ತೆ, ಫ್ಲೋರೈಡ್ ಬಿಡುತ್ತೆ, ಎಲ್ಲಾ ಸರಿ, ಆದ್ರೆ ಅಗಿಯೋ ಭಾರ ಹೊರೋಕೆ ಅದು ಸಾಲದು. ತಳದಲ್ಲಿ ನಾಳದ ಬಾಯಿ ಮುಚ್ಚೋಕೆ ಹಾಕ್ಲಿ, ಇಡೀ ಕುಳಿಗೆ ಬೇಡ.

ಇಷ್ಟೆಲ್ಲ ಹೇಳಿ ನಿಮ್ಮ ಹಲ್ಲಿಗೆ ನಾನು ಹೇಳೋದು, ಕಾಂಪೊಸಿಟ್ ತುಂಬಿಸಿ, ಆದ್ರೆ ಅಷ್ಟಕ್ಕೇ ನಿಲ್ಲಿಸ್ಬೇಡಿ. ಎರಡೂ ಏಣು ಹೋಗಿರೋ ಮೇಲಿನ ಕಿರುದವಡೆ ಹಲ್ಲಿಗೆ ದಿಬ್ಬಗಳನ್ನ ಮೇಲಿಂದ ಮುಚ್ಚಬೇಕು. ಪೂರ್ತಿ ಕ್ಯಾಪೇ ಆಗ್ಬೇಕಂತಿಲ್ಲ, ಆನ್‌ಲೇ ಅಂತ ದಿಬ್ಬಗಳನ್ನ ಮಾತ್ರ ಹೊದ್ದಿಸೋದೂ ಆಗುತ್ತೆ, ಪಕ್ಕದ ಆರೋಗ್ಯವಾದ ಗೋಡೆ ಉಜ್ಜಿ ತೆಗೆಯೋದು ಅದ್ರಲ್ಲಿ ಕಮ್ಮಿ.

ಪ್ರಶ್ನೆ: ಹಲ್ಲು ಪೂರ್ತಿ ಮುರಿದು ವಸಡಿನ ಮಟ್ಟಕ್ಕೆ ಬಂದಿದೆ. ಬೇರಿನೊಳಗೆ ಲೋಹದ ಪೋಸ್ಟ್ ಹಾಕಿ ಸ್ಟ್ರಾಂಗ್ ಮಾಡ್ತೀವಿ ಅಂತಿದಾರೆ. ಫೈಬರ್ ಪೋಸ್ಟ್ ಅಂತಾನೂ ಇದೆಯಂತೆ. ಯಾವುದು ಬೇರಿಗೆ ಬಲ ಕೊಡುತ್ತೆ?

ಉತ್ತರ: ಎರಡೂ ಕೊಡಲ್ಲ. ಪೋಸ್ಟ್ ಅಂದ್ರೆ ಬೇರಿನ ನಾಳದಲ್ಲಿ ಕೂರಿಸೋ ಕಡ್ಡಿ, ಅದಿರೋದು ಮೇಲೆ ಕಟ್ಟೋ ಫಿಲ್ಲಿಂಗ್ ಬೀಳದ ಹಾಗೆ ಹಿಡ್ಕೊಳ್ಳೋಕೆ. ಅದಕ್ಕೆ ಜಾಗ ಮಾಡೋಕೆ ನಾಳ ಅಗಲಿಸಿದ್ರೆ ಬೇರಿನ ಗೋಡೆ ಇನ್ನೂ ತೆಳ್ಳಗಾಗುತ್ತೆ, ಅಲ್ಲಿಗೆ ಬಲ ಕಮ್ಮಿ ಆಯ್ತೇ ಹೊರತು ಜಾಸ್ತಿ ಆಗ್ಲಿಲ್ಲ. ಆದ್ರೂ ಮೇಲೆ ಹಿಡಿಯೋಕೆ ಏನೂ ಇಲ್ದಿರೋ ಹಲ್ಲಿಗೆ ಬೇರೆ ದಾರಿ ಇಲ್ಲ, ಹಾಕ್ಲೇಬೇಕಾಗುತ್ತೆ. ಆಗ ವ್ಯತ್ಯಾಸ ಬರೋದು ಕೆಟ್ಟಾಗ ಹೇಗೆ ಕೆಡುತ್ತೆ ಅನ್ನೋದ್ರಲ್ಲಿ. ಸ್ಟೀಲ್ ಡೆಂಟಿನ್‌ಗಿಂತ ಹತ್ತು ಪಟ್ಟಿಗೂ ಜಾಸ್ತಿ ಬಿಗಿ, ತಾನು ಬಾಗಲ್ಲ, ಭಾರವನ್ನೆಲ್ಲ ಬೇರಿನ ಒಂದು ಕಡೆ ಒತ್ತುತ್ತೆ, ಕೊನೆಗೆ ಬೇರನ್ನೇ ಸೀಳುತ್ತೆ. ಗಾಜಿನ ನಾರಿನ ಪೋಸ್ಟಿನ ಬಿಗಿತ ಡೆಂಟಿನ್‌ಗೆ ಹತ್ತಿರ, ಜೊತೆಗೇ ಸ್ವಲ್ಪ ಬಾಗುತ್ತೆ, ಕೆಟ್ರೆ ಸಾಮಾನ್ಯವಾಗಿ ಅಂಟು ಬಿಟ್ಟು ಕಿತ್ಕೊಂಡು ಬರುತ್ತೆ, ಬೇರು ಉಳಿದ್ರೆ ಮತ್ತೆ ಕೂರಿಸ್ಬಹುದು. ಯಾವುದೇ ಹಾಕ್ಲಿ, ಬೇರಿನ ತುದೀಲಿ 4ರಿಂದ 5 ಮಿಲಿಮೀಟರ್ ಗಟಾ ಪರ್ಚಾ ಮುಟ್ಟದೆ ಬಿಡ್ಬೇಕು.

ನಿಮ್ಮ ವಿಷಯದಲ್ಲಿ ನಿಜವಾದ ಪ್ರಶ್ನೆ ಬೇರೆ. ಕ್ಯಾಪ್ ಹಾಕ್ದಾಗ ಅದರ ಅಂಚು ಹಿಡಿಯೋಕೆ ವಸಡಿನಿಂದ ಮೇಲೆ ಸುತ್ತಲೂ 1.5ರಿಂದ 2 ಮಿಲಿಮೀಟರ್ ಸ್ವಂತ ಹಲ್ಲು ಇರ್ಬೇಕು, ಫೆರೂಲ್ ಅಂತಾರೆ. ಅದೊಂದಿದ್ರೆ ಪೋಸ್ಟ್ ಯಾವುದು ಅನ್ನೋದು ಎರಡನೇ ಮಾತು. ವಸಡಿನ ಮಟ್ಟಕ್ಕೇ ಮುರಿದಿದ್ರೆ ವಸಡು ಮತ್ತು ಮೂಳೆ ಸ್ವಲ್ಪ ಇಳಿಸಿ ಅಥವಾ ಹಲ್ಲನ್ನ ತಂತಿಯಿಂದ ನಿಧಾನಕ್ಕೆ ಮೇಲಕ್ಕೆಳೆದು ಆ ಫೆರೂಲ್ ಸಿಗುತ್ತಾ ಅಂತ ಕೇಳಿ. ಸಿಗೋದೇ ಇಲ್ಲ ಅಂದ್ರೆ ಪೋಸ್ಟ್ ಮೇಲೆ ದುಡ್ಡು ಹಾಕೋ ಮುಂಚೆ ಇನ್ನೊಂದ್ಸಲ ಯೋಚಿಸಿ.

ಪ್ರಶ್ನೆ: ಮೇಡಂ, ನನ್ನ ಮಗನಿಗೆ 9 ವರ್ಷ. ಬಿದ್ದು ಮುಂದಿನ ಹಲ್ಲಿಗೆ ಪೆಟ್ಟಾಗಿ ನರ ಸತ್ತಿದೆ, ಬೇರು ಇನ್ನೂ ಪೂರ್ತಿ ಬೆಳೆದಿಲ್ವಂತೆ. ಒಳಗೆ ಬಿಳಿ ಔಷಧಿ ಹಾಕಿ ತಿಂಗಳುಗಟ್ಟಲೆ ಬದಲಾಯಿಸ್ತಾ ಇರ್ಬೇಕು ಅಂತಾರೆ. ಸರಿನಾ?

ಉತ್ತರ: ಆ ಬಿಳಿ ಔಷಧಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇರ್ಬೇಕು ಅಮ್ಮ. ಎರಡು ಮೂರು ವಾರ ಸೋಂಕು ತೆಗೆಯೋಕೆ ಹಾಕೋದ್ರಲ್ಲಿ ತಪ್ಪಿಲ್ಲ, ಎಲ್ಲರೂ ಹಾಕ್ತೀವಿ. ತಿಂಗಳುಗಟ್ಟಲೆ ಬಿಡೋದು ಹಿಂದಿನ ಪದ್ಧತಿ, ಬೇರಿನ ತುದೀಲಿ ಗಟ್ಟಿ ಪದರ ಕಟ್ಟಲಿ ಅಂತ ವರ್ಷದ ತನಕವೂ ಇಡ್ತಿದ್ರು. ಅದು ತುಂಬಾ ಕ್ಷಾರ, ಪಿಎಚ್ ಸುಮಾರು 12.5, ಹೆಚ್ಚು ದಿನ ಇದ್ರೆ ಡೆಂಟಿನ್‌ನಲ್ಲಿ ಕೊಲಾಜನ್ ಮತ್ತು ಖನಿಜದ ನಡುವಿನ ಹಿಡಿತ ಸಡಿಲ ಮಾಡುತ್ತೆ. 2002ರಲ್ಲಿ ಆಂಡ್ರೀಯಾಸನ್ ತಂಡ ಕುರಿಮರಿ ಹಲ್ಲುಗಳಲ್ಲಿ ತೋರಿಸಿದ್ದು ಏನಂದ್ರೆ ಒಂದು ವರ್ಷದ ಹೊತ್ತಿಗೆ ಬಲ ಸುಮಾರು ಅರ್ಧಕ್ಕೆ ಇಳಿಯುತ್ತೆ. ಮಕ್ಕಳ ಹಲ್ಲಿನ ಬೇರು ಮೊದಲೇ ಕಾಗದದಷ್ಟು ತೆಳು, ವಸಡಿನ ಹತ್ತಿರ ಕತ್ತಲ್ಲೇ ಮುರಿದು ಬರೋದು ಇದ್ದದ್ದೇ.

ಈಗ ಎಂಟಿಎ ಅನ್ನೋ ಸಿಮೆಂಟ್ ಇದೆ, 1993ರ ಹೊತ್ತಿಗೆ ಅಮೆರಿಕದ ಲೋಮಾ ಲಿಂಡಾ ಯೂನಿವರ್ಸಿಟೀಲಿ ತೊರಾಬಿನೆಜಾದ್ ತಂಡದಿಂದ ಬಂದದ್ದು. ತುದೀಲಿ 4ರಿಂದ 5 ಮಿಲಿಮೀಟರ್ ಬಿರಡೆ ಹಾಗೆ ಕೂರಿಸಿದ್ರೆ ಒಂದೆರಡು ಭೇಟೀಲೇ ಬೇರಿನ ತುದಿ ಮುಚ್ಚುತ್ತೆ, ಆಮೇಲೆ ಕತ್ತಿನ ಭಾಗದಲ್ಲಿ ಒಳಗಡೆ ಕಾಂಪೊಸಿಟ್ ಅಂಟಿಸಿದ್ರೆ ಮುರಿಯೋ ಜಾಗಕ್ಕೆ ಒಂಚೂರು ಆಸರೆ. ಮುಂದಿನ ಹಲ್ಲಾದ್ರಿಂದ ಎಂಟಿಎಯಿಂದ ಬಣ್ಣ ಕಪ್ಪಾಗ್ಬಹುದು, ಬಣ್ಣ ಕೆಡಿಸದ ಬೇರೆ ಬಯೋಸೆರಾಮಿಕ್‌ಗಳಿವೆ, ಕೇಳಿ. ಸೋಂಕು ಹೋದ ನಾಳದಲ್ಲಿ ರಕ್ತ ಬರಿಸಿ ಬೇರು ಮತ್ತೆ ಬೆಳೆಯೋಕೆ ಅವಕಾಶ ಕೊಡೋ ಚಿಕಿತ್ಸೆಯೂ ಇದೆ, ಮಗನ ವಯಸ್ಸಿಗೆ ಅದನ್ನೂ ವಿಚಾರಿಸ್ಬೇಕು, ಯಾಕಂದ್ರೆ ಗೋಡೆ ದಪ್ಪ ಆಗೋ ಸಾಧ್ಯತೆ ಇರೋದು ಅದೊಂದರಲ್ಲೇ. ಪ್ರತಿ ಸಲವೂ ಆಗುತ್ತೆ ಅಂತ ಮಾತು ಕೊಡೋಕಾಗಲ್ಲ.

ಪ್ರಶ್ನೆ: ರೂಟ್ ಕೆನಾಲ್ ಆಗಿ ಎಂಟು ತಿಂಗಳಾಯ್ತು, ಟೆಂಪರರಿ ಸಿಮೆಂಟಲ್ಲೇ ಓಡ್ತಿದೆ, ಒಂಚೂರೂ ನೋವಿಲ್ಲ. ನೋವಿಲ್ಲ ಅಂದ್ಮೇಲೆ ಕ್ಯಾಪ್ ಯಾಕೆ?

ಉತ್ತರ: ನರಾನೇ ತೆಗೆದಿರೋವಾಗ ಹಲ್ಲಿನ ಒಳಗಿಂದ ನೋವು ಹೇಗೆ ಬರುತ್ತೆ ಸಾರ್! ಅದೇ ತೊಂದರೆ. ಟೆಂಪರರಿ ಸಿಮೆಂಟ್ ಇರೋದು ಕೆಲವು ವಾರಕ್ಕೆ, ಅದೂ 3.5 ಮಿಲಿಮೀಟರ್ ದಪ್ಪ ಇದ್ರೆ. ಸವೆದು ಅಂಚು ಬಿಟ್ರೆ ಎಂಜಲಿನ ಜೊತೆ ಬ್ಯಾಕ್ಟೀರಿಯಾ ಒಳಗೆ ಹೋಗಿ ಗಟಾ ಪರ್ಚಾ ಪಕ್ಕದಲ್ಲೇ ಇಳಿಯುತ್ವೆ. 1995ರಲ್ಲಿ ರೇ ಮತ್ತು ಟ್ರೋಪ್ 1010 ಹಲ್ಲುಗಳ ಎಕ್ಸ್‌ರೇ ನೋಡಿ ಹೇಳಿದ್ದು, ಬೇರಿನ ಕೆಲಸವೂ ಮೇಲಿನ ಫಿಲ್ಲಿಂಗೂ ಎರಡೂ ಚೆನ್ನಾಗಿದ್ದಲ್ಲಿ 91.4 ಪರ್ಸೆಂಟ್ ಹಲ್ಲುಗಳ ಬೇರಿನ ಸುತ್ತ ಸೋಂಕಿನ ಗುರುತಿರ್ಲಿಲ್ಲ, ಎರಡೂ ಕೆಟ್ಟಿದ್ದಲ್ಲಿ ಹಾಗಿದ್ದದ್ದು 18.1 ಪರ್ಸೆಂಟ್. ಇನ್ನು ಬಲದ ಮಾತಿಗೆ ಬಂದ್ರೆ ಆ ಸಿಮೆಂಟ್ ದಿಬ್ಬಗಳನ್ನ ಹಿಡಿದಿಡಲ್ಲ, ನೀವು ಎಂಟು ತಿಂಗಳಿಂದ ಆಸರೆ ಇಲ್ಲದ ಗೋಡೆಗಳ ಮೇಲೆ ಅಗೀತಿದೀರಿ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 4 ತಿಂಗಳಾದ್ಮೇಲೆ ಕ್ಯಾಪ್ ಹಾಕಿಸಿದ ಹಿಂದಿನ ಹಲ್ಲುಗಳು, ಅದಕ್ಕೆ ಮುಂಚೆ ಹಾಕಿಸಿದವಕ್ಕಿಂತ ಹತ್ತಿರ ಹತ್ತಿರ ಮೂರು ಪಟ್ಟು ಜಾಸ್ತಿ ಕೀಳಿಸ್ಕೊಂಡಿದ್ವು. ಹೋಗಿ ಮೊದಲು ಒಂದು ಎಕ್ಸ್‌ರೇ ತೆಗೆಸಿ, ಒಳಗೆ ಸೋರಿದೆ ಅನ್ನಿಸಿದ್ರೆ ರೂಟ್ ಕೆನಾಲನ್ನೇ ಮತ್ತೆ ಮಾಡ್ಬೇಕಾಗ್ಬಹುದು, ಕ್ಯಾಪ್ ಅದಾದ್ಮೇಲೆ.

ಪ್ರಶ್ನೆ: ಕ್ಯಾಪ್ ಹಾಕಿಸಿದ್ದ ಹಲ್ಲಿನ ಬೇರು ಉದ್ದಕ್ಕೆ ಸೀಳಿದೆ, ತೆಗೀಬೇಕು ಅಂದ್ರು. ಒಳಗೆ ತುಂಬೋವಾಗ ಜೋರಾಗಿ ಒತ್ತಿದ್ದಕ್ಕೆ ಹೀಗಾಯ್ತಾ?

ಉತ್ತರ: ಕಾರಣಗಳಲ್ಲಿ ಅದೂ ಒಂದು ಆಗಿರ್ಬಹುದು, ಒಂದೇ ಕಾರಣ ಅಂತ ಯಾರೂ ಹೇಳೋಕಾಗಲ್ಲ. ಗಟಾ ಪರ್ಚಾ ಕಡ್ಡಿಗಳನ್ನ ಪಕ್ಕಕ್ಕೆ ಒತ್ತೋಕೆ ಸ್ಪ್ರೆಡರ್ ಅಂತ ಮೊನಚು ಸಾಧನ ಬಳಸ್ತೀವಿ, ಬಲ ಜಾಸ್ತಿಯಾದ್ರೆ ಒಳಗೋಡೇಲಿ ಕಣ್ಣಿಗೆ ಕಾಣದ ಬಿರುಕು ಹುಟ್ಟಬಹುದು, ವರ್ಷಗಳ ಮೇಲೆ ಅದೇ ಬೆಳೆದು ಸೀಳಾಗುತ್ತೆ. ಹಾಗೇ ನಾಳವನ್ನ ಬೇಕಿದ್ದಕ್ಕಿಂತ ಅಗಲ ಕೊರೆದಿದ್ರೂ, ದಪ್ಪ ಪೋಸ್ಟ್ ಹಾಕಿದ್ರೂ, ರಾತ್ರಿ ಹಲ್ಲು ಕಡಿಯೋ ಅಭ್ಯಾಸ ಇದ್ರೂ ಇದೇ ಗತಿ. ಕ್ಯಾಪ್ ಮೇಲಿನ ದಿಬ್ಬಗಳನ್ನ ಕಾಯುತ್ತೆ, ವಸಡಿನ ಕೆಳಗಿರೋ ಬೇರನ್ನ ಕಾಯಲ್ಲ.

ತೆಗೆಸೋ ಮುಂಚೆ ಗುರುತು ಖಚಿತ ಮಾಡ್ಕೊಳ್ಳಿ. ಸುತ್ತಲೂ ವಸಡು ಸರಿಯಿದ್ದು ಒಂದೇ ಜಾಗದಲ್ಲಿ ಅಳತೆ ಕಡ್ಡಿ ಕಿರಿದಾಗಿ ಆಳಕ್ಕಿಳಿಯೋದು, ವಸಡಿನ ಮೇಲ್ಭಾಗದಲ್ಲಿ ಕೀವಿನ ಗುಳ್ಳೆ ಬಂದು ಬಂದು ಹೋಗೋದು, ಇವು ಸೀಳಿನ ಕಡೆ ಬೆರಳು ತೋರಿಸ್ತವೆ, ಸಿಬಿಸಿಟಿ ಅನ್ನೋ ಮೂರು ಆಯಾಮದ ಎಕ್ಸ್‌ರೇ ಸ್ಕ್ಯಾನಲ್ಲೂ ತೆಳು ಸೀಳು ಕೆಲವೊಮ್ಮೆ ಕಾಣಲ್ಲ, ಅದಕ್ಕೇ ವಸಡು ಬಿಡಿಸಿ ಕಣ್ಣಾರೆ ನೋಡೋದೂ ಉಂಟು. ಒಂದೇ ಬೇರಿನ ಹಲ್ಲಾದ್ರೆ ತೆಗೆಯೋದೇ. ಎರಡು ಮೂರು ಬೇರಿನ ದವಡೆ ಹಲ್ಲಾಗಿದ್ದು ಒಂದು ಬೇರು ಮಾತ್ರ ಸೀಳಿದ್ರೆ ಆ ಬೇರನ್ನಷ್ಟೇ ಕತ್ತರಿಸಿ ತೆಗೆದು ಉಳಿದಿದ್ದನ್ನ ಉಳಿಸ್ಕೊಳ್ಳೋಕಾಗುತ್ತಾ ಅಂತ ಒಂದು ಮಾತು ಕೇಳಿ ನೋಡಿ.

ಪ್ರಶ್ನೆ: ಮುಂದಿನ ಹಲ್ಲಿಗೆ ರೂಟ್ ಕೆನಾಲ್ ಆಗಿದೆ, ಹಿಂದುಗಡೆ ಸಣ್ಣ ತೂತು ಬಿಟ್ರೆ ಹಲ್ಲು ಪೂರ್ತಿ ಇದೆ. ಕ್ಯಾಪ್ ಬೇಕಾ?

ಉತ್ತರ: ಬೇಡ. 1984ರಲ್ಲೇ ಸೊರೆನ್ಸನ್ ಮತ್ತು ಮಾರ್ಟಿನಾಫ್ 1273 ರೂಟ್ ಕೆನಾಲ್ ಹಲ್ಲುಗಳ ದಾಖಲೆ ನೋಡಿದಾಗ ಕ್ಯಾಪಿನಿಂದ ಲಾಭ ಕಂಡಿದ್ದು ದವಡೆ, ಕಿರುದವಡೆ ಹಲ್ಲುಗಳಿಗೆ, ಮುಂದಿನ ಹಲ್ಲುಗಳಿಗೆ ಅಲ್ಲ. ಆ ತೂತಿಗೆ ಕಾಂಪೊಸಿಟ್ ಅಂಟಿಸಿದ್ರೆ ಸಾಕು, ಪೋಸ್ಟೂ ಬೇಡ. ಆಮೇಲೆ ಬಣ್ಣ ಮಾಸಿದ್ರೆ ಒಳಗಿಂದ ಬ್ಲೀಚ್ ಮಾಡಿಸ್ಬಹುದು.